ಅಕ್ಕೋರು ಬರೆದ ಒಂದೇ ತಾಯತ

ಅಕ್ಕೋರು ನನ್ನ ಮುಖ ನೋಡಬೇಕೆಂದರೆ ನನ್ನ ಎಡಗಿವಿಯ ಕಡೆ ನೋಡುತ್ತಿದ್ದರು. ಕಣ್ಣಿನ ನಡುನೋಟ ಪೂರ್ತಿ ಹೋಗಿ ಅಂಚಿನ ನೋಟ ಮಾತ್ರ ಉಳಿದಿತ್ತು. ನೇರ ನೋಡಿದರೆ ಎದುರಿನವರ ಮುಖವಿರಬೇಕಾದ ಕಡೆ ಬೂದು ಬಣ್ಣದ ಕಲೆ. ಸ್ವಲ್ಪ ಪಕ್ಕಕ್ಕೆ ಹೊರಳಿದರೆ ಕಲೆ ಸರಿದು ಮೂಗು ಬಾಯಿ ಕಾಣುತ್ತಿದ್ದವಂತೆ. ಗೊತ್ತಿಲ್ಲದವರು ಕಿವಿಗೆ ಏನೋ ಹತ್ತಿದೆ ಎಂದು ಒರೆಸಿಕೊಳ್ಳುತ್ತಿದ್ದರು. ನಾನೂ ಮೊದಲ ದಿನ ಬೆಂಡೋಲೆ ಬಿದ್ದುಹೋಯಿತೇನೋ ಎಂದು ಮುಟ್ಟಿ ನೋಡಿಕೊಂಡೆ.

ಪರದೇಶದ ಮಿಲ್ಟನ್ ಎಂಬ ಊರಿನ ನಮ್ಮ ಹೊಸ ಬಡಾವಣೆಯಲ್ಲಿ ಟಪಾಲು ಮನೆಬಾಗಿಲಿಗೆ ಬರುವುದಿಲ್ಲ. ರಸ್ತೆಯ ತುದಿಯಲ್ಲಿ ಎಲ್ಲರಿಗೂ ಸೇರಿ ಒಂದು ಕಬ್ಬಿಣದ ಕಪಾಟು, ಅದರಲ್ಲಿ ಮನೆಗೊಂದು ಖಾನೆ, ಖಾನೆಗೊಂದು ಬೀಗ. ದಿನಕ್ಕೊಮ್ಮೆ ಅಲ್ಲಿಗೆ ಹೋಗಿ ಬರುವುದಷ್ಟೇ ಆಗ ನನ್ನ ತಿರುಗಾಟ. ಒಂದು ಮಧ್ಯಾಹ್ನ ಹಿಮದಲ್ಲಿ ನಿಂತು ವಯಸ್ಸಾದ ಹೆಂಗಸೊಬ್ಬರು ಕೀಲಿಕೈಯನ್ನು ಕಪಾಟಿನ ಮೈಗೆಲ್ಲ ಚುಚ್ಚುತ್ತ, "ಹಾಳಾದ್ದ, ಎಲ್ಲಿ ಅಡಗಿ ಕೂತೀದಿ, ಹೊರಗ ಬಾ" ಎಂದು ಬೀಗವನ್ನು ಬೈಯುತ್ತಿದ್ದರು. ಕನ್ನಡ, ಅದೂ ಧಾರವಾಡದ್ದು. ಹುಬ್ಬಳ್ಳಿಯವಳಾದ ನನಗೆ ಕಣ್ಣಲ್ಲಿ ನೀರೇ ಬಂತು.

"ಇಲ್ಲೆ ಕೊಡ್ರಿ, ನಾ ತೆಗೀತೇನಿ."

"ಯಾರವಾ ನೀ?"

"ನಿಮ್ಮ ಬಾಜೂ ಮನಿಯಾಕೀರಿ."

"ಗೋಡಿ ಆಚೀಕಿ? ನಿಮ್ಮ ಕುಕ್ಕರಿನ ಸೀಟಿ ದಿನಾ ಕೇಳಸ್ತದ. ಮನಷ್ಯಾರ ದನಿ ಒಮ್ಮೆನೂ ಕೇಳಿಲ್ಲಲ್ಲ!"

ಅವರು ಹೇಳಿದ್ದು ಖರೆ. ನಮ್ಮದೂ ಅವರದೂ ಒಂದೇ ಗೋಡೆಗೆ ಅಂಟಿದ ಜೋಡಿಮನೆ. ಗೋಡೆಯ ಈಚೆಗೆ ನಾನು, ನನ್ನ ಅತ್ತೆ. ಗಂಡ ಕತ್ತಲಿದ್ದಾಗಲೇ ಕಾರು ತೆಗೆದುಕೊಂಡು ಮಾರ್ಕಮ್‌ನ ಆಫೀಸಿಗೆ ಹೋದರೆ ಬರುವುದು ಮತ್ತೆ ಕತ್ತಲಾದ ಮೇಲೆ. ನಾನು ಕೆಲಸಕ್ಕೆ ಹೋಗುವುದು ಅವನಿಗೆ ಬೇಕಿರಲಿಲ್ಲ. ಮೊದಲು ಮಗು ಆಗಲಿ, ಆಮೇಲೆ ನೋಡೋಣ ಎನ್ನುತ್ತಿದ್ದ. ಡ್ರೈವಿಂಗ್ ಕಲಿಯುತ್ತೇನೆ ಎಂದರೆ, ಎಲ್ಲಿಗೆ ಹೋಗಬೇಕು ಹೇಳು, ನಾನೇ ಒಯ್ಯುತ್ತೇನೆ ಎನ್ನುತ್ತಿದ್ದ. ನನ್ನ ಪಾಸ್‌ಪೋರ್ಟು, ಉಳಿದ ಕಾಗದಪತ್ರ ಎಲ್ಲ ಅವನ ಲಾಕರಿನಲ್ಲಿ. ಹೊಡೆದವನಲ್ಲ, ಬೈದವನೂ ಅಲ್ಲ. ಹಾಗಾಗಿ ಯಾರಿಗೆ ಏನೆಂದು ಹೇಳುವುದು? ತವರಿನಲ್ಲಿ ಅಣ್ಣನದು ಎರಡು ಕೋಣೆಯ ಮನೆ, ಅತ್ತಿಗೆಯ ಕೈಯಲ್ಲಿ ಆಡಳಿತ. ಅತ್ತ ದರಿ, ಇತ್ತ ಪುಲಿ. ನಾನು ಆ ಮನೆಯಲ್ಲಿ ಸಿಕ್ಕಿಬಿದ್ದಿದ್ದೆ. ಗ್ಯಾರೇಜಿನ ಬಾಗಿಲು ಇಳಿಯುವ ಸದ್ದು ಕೇಳಿದರೆ ಎದೆಯ ಮೇಲೆ ಯಾರೋ ಕೂತಂತಾಗುತ್ತಿತ್ತು.

ಅಕ್ಕೋರು ಎಂದು ಕರೆಯತೊಡಗಿದ್ದು ನಾನೇ. ನಮ್ಮ ಕಡೆ ಶಾಲೆಯ ಮಾಸ್ತರಿಣಿಯರಿಗೆ ಹಾಗೆನ್ನುತ್ತೇವೆ. ಇವರು ವಿಶ್ವವಿದ್ಯಾಲಯದಲ್ಲಿ ಕಲಿಸಿ ನಿವೃತ್ತರಾದವರು, ಮದುವೆಯಾಗಿರಲಿಲ್ಲ. ಈಜಿಪ್ಟಿನ ಮರಳಿನಲ್ಲಿ ಸಿಕ್ಕ ಪಪೈರಸ್ ಚೂರುಗಳನ್ನು, ಅಂದರೆ ಜೊಂಡಿನ ಕಾಗದಗಳನ್ನು, ಓದುವುದು ಅವರ ವಿದ್ಯೆ. ಅದರಲ್ಲೂ ಸಾವಿರದೈನೂರು ವರ್ಷಕ್ಕೂ ಹಿಂದೆ ಜನ ಗ್ರೀಕಿನಲ್ಲಿ ಬರೆದುಕೊಂಡ ಮಾಟ, ಮದ್ದು, ತಾಯತಗಳು. ಕಣ್ಣು ಹೋದ ಮೇಲೆ ಚೂರುಗಳ ದೊಡ್ಡ ಫೋಟೋಗಳನ್ನು ಮೇಜಿನ ಮೇಲೆ ಹರಡಿಕೊಂಡು, ಭೂತಗನ್ನಡಿ ಹಿಡಿದು, ಒಂದು ಸಾಲಿಗೆ ಒಂದು ದಿನ ಕಳೆಯುತ್ತಿದ್ದರು.

"ನೀ ದಿನಾ ಮಧ್ಯಾಹ್ನ ಬಾ, ನಂಗ ಕಣ್ಣಾಗು" ಎಂದರು.

"ನಂಗ ಗ್ರೀಕ್ ಎಲ್ಲಿ ಬರತೈತ್ರಿ?"

"ಬರಬಾರದು. ಬಂದವರು ಅಲ್ಲಿರೂದನ್ನ ನೋಡೂದಿಲ್ಲ, ಅಲ್ಲಿ ಇರಬೇಕಾದ್ದನ್ನ ನೋಡ್ತಾರ. ನನಗ ಬರೇ ಕಣ್ಣ ಬೇಕು."

ಅತ್ತೆ ಒಪ್ಪುತ್ತಾರೆಂದು ನನಗೆ ನಂಬಿಕೆ ಇರಲಿಲ್ಲ. ಆದರೆ ಬಾಜೂ ಮನೆಯಾಕೆ ತಾಯತ ಓದುವವರು ಎಂದು ಕೇಳಿದ್ದೇ ತಡ, ಅತ್ತೆಯ ಮುಖ ಅರಳಿತು. "ಮಂತ್ರ ಬಲ್ಲ ಮನಷ್ಯಾಳು! ಹೋಗು, ಸೇವಾ ಮಾಡು, ಪುಣ್ಯಾ ಬರತೈತಿ" ಎಂದು ತಾವೇ ಚಕ್ಕುಲಿ ಕಟ್ಟಿಕೊಟ್ಟು ಕಳಿಸಿದರು. ಪುಣ್ಯ ಬಂತೋ ಇಲ್ಲವೋ, ನನಗೆ ಗೋಡೆಯ ಆಚೆ ಹೋಗಲು ಸಿಕ್ಕಿತು.

ಆ ಮಧ್ಯಾಹ್ನಗಳು ನನ್ನ ಎರಡನೇ ಕಲಿಕೆ. ಫೋಟೋದಲ್ಲಿ ಕಂಡದ್ದನ್ನು ನಾನು ಹೇಳಬೇಕು: ಇಲ್ಲೊಂದು ಕುದುರೆಲಾಳ, ಇಲ್ಲೊಂದು ಬಾಚಣಿಗೆ, ಇಲ್ಲಿ ಶಾಯಿ ಹರಡಿದೆ, ಇಲ್ಲಿ ತೂತು. ಅವರು ಕಣ್ಣು ಮುಚ್ಚಿ ಕೇಳುತ್ತ ಅದಕ್ಕೆ ಹೊಂದುವ ಅಕ್ಷರ ಹೇಳುವರು. ನಾನು ಏನಾದರೂ ಅಂದಾಜು ಮಾಡಿದರೆ ಸಿಟ್ಟು. "ಕಂಡದ್ದ ಹೇಳು, ಕಥಿ ಹೇಳಬ್ಯಾಡ!" ಹರಿದುಹೋದ ಒಂದು ಅಕ್ಷರವನ್ನು ಊಹಿಸಿ ತುಂಬಿದರೆ ಅದಕ್ಕೆ ಚೌಕದ ಕಂಸ ಹಾಕಲೇಬೇಕು, ಅರೆಬರೆ ಕಂಡ ಅಕ್ಷರವಾದರೆ ಕೆಳಗೊಂದು ಚುಕ್ಕಿ ಇಡಲೇಬೇಕು. ಇಲ್ಲದ್ದನ್ನು ಇದೆ ಎಂದು ಓದುವುದು ಅವರ ಪಾಲಿಗೆ ಕಳವಿಗಿಂತ ಕೆಟ್ಟದ್ದು. ಚಹಾಕ್ಕೆ ಸಕ್ಕರೆ ಹಾಕಿದ್ದೀಯಾ ಎಂದು ಕೇಳಿದಾಗ "ಹಾಕಿರಬೇಕ್ರಿ" ಎಂದರೂ ಬೈಸಿಕೊಂಡಿದ್ದೇನೆ.

ಓದುತ್ತ ಓದುತ್ತ ನಗುತ್ತಲೂ ಇದ್ದೆವು. ಒಂದು ಮದ್ದಿನಲ್ಲಿ ಮಂಗನ ಕಣ್ಣೀರು ಬೇಕೆಂದಿತ್ತು. ನಾನು ಹೌಹಾರಿದೆ. "ಹೆದರಬ್ಯಾಡ, ಅದು ಮಾಟಗಾರರ ಗುಟ್ಟಿನ ಹೆಸರು. ಮಂಗ್ಯಾನ ಕಣ್ಣೀರಂದ್ರ ಸಬ್ಬಸಗಿ ಸೊಪ್ಪಿನ ರಸ" ಎಂದರು. ಆ ವಾರ ನಮ್ಮ ಮನೆಯಲ್ಲಿ ಸಬ್ಬಸಿಗೆ ಪಲ್ಯ ಮಾಡಿದಾಗ ಒಬ್ಬಳೇ ನಕ್ಕೆ. ಅತ್ತೆ ವಿಚಿತ್ರವಾಗಿ ನೋಡಿದರು. ಜ್ವರದ ತಾಯತಗಳಲ್ಲಿ ಒಂದು ದೊಡ್ಡ ಶಬ್ದ ಬರೆದು ಸಾಲಿಗೊಂದು ಅಕ್ಷರ ಕಳೆಯುತ್ತ ಹೋಗುತ್ತಿದ್ದರು. ಶಬ್ದ ಕರಗಿದ ಹಾಗೆ ಜ್ವರವೂ ಕರಗಲಿ ಎಂದು. ತಾಯತ ಕಟ್ಟಿಕೊಳ್ಳುವವರನ್ನು ಅಪ್ಪನ ಹೆಸರಿನಿಂದ ಅಲ್ಲ, ಅವ್ವನ ಹೆಸರಿನಿಂದ ಗುರುತಿಸುತ್ತಿದ್ದರು. ಯಾರು ಹೆತ್ತರು ಎಂಬುದರಲ್ಲಿ ಸಂಶಯಕ್ಕೆ ಜಾಗ ಇಲ್ಲವಲ್ಲ ಎಂದು ಅಕ್ಕೋರು ಕಣ್ಣು ಮಿಟುಕಿಸುವರು. ಕಡೆಗೆ ಬಹಳಷ್ಟು ತಾಯತಗಳಲ್ಲಿ ಒಂದೇ ಮೊರೆ: ಈಗ ಈಗ, ಬೇಗ ಬೇಗ.

ಅವರ ಜೀವಮಾನದ ಜಗಳ ಒಂದು ಚೂರಿನ ಮೇಲೆ. ಜ್ವರ ಇಳಿಯಲೆಂದು ಬರೆದದ್ದು. ಆದರೆ ರೋಗಿಯ ಹೆಸರಿರಬೇಕಾದಲ್ಲಿ "ಇಂಥವಳು ಹೆತ್ತ ಇಂಥವಳು" ಎಂದಷ್ಟೇ ಇತ್ತು. ಮಂತ್ರದ ಪುಸ್ತಕದಲ್ಲಿ ಹಾಗೆ ಬರೆದಿರುತ್ತದೆ. ತಾಯತ ಬರೆಯುವವನು ಅಲ್ಲಿ ರೋಗಿಯ ಹೆಸರು ಸೇರಿಸಬೇಕು. ಹೆಸರಿಲ್ಲ, ಆದ್ದರಿಂದ ಇದು ಪುಸ್ತಕದ ಹಾಳೆ, ಯಾರೂ ಕಟ್ಟಿಕೊಂಡದ್ದಲ್ಲ ಎಂದು ಉಳಿದ ವಿದ್ವಾಂಸರೆಲ್ಲ ತೀರ್ಮಾನಿಸಿದ್ದರು. ಅಕ್ಕೋರಿಗೆ ಮಾತ್ರ ಬೇರೆ ಗುಮಾನಿ. ಬರೆಯುವವನು ಮೈಮರೆತು ಪುಸ್ತಕದಲ್ಲಿದ್ದದ್ದನ್ನು ಹಾಗೇ ಇಳಿಸಿಬಿಟ್ಟಿದ್ದಾನೆ. ಓದು ಬಾರದ ಯಾವಳೋ ಒಬ್ಬಳು ಅದು ತನ್ನ ಹೆಸರೇ ಎಂದು ನಂಬಿ ಕಟ್ಟಿಕೊಂಡಿದ್ದಾಳೆ. ಆದರೆ ತೋರಿಸಲು ಆಧಾರ ಇರಲಿಲ್ಲ.

ನಾನು ಆ ಫೋಟೋವನ್ನು ಬಹಳ ಹೊತ್ತು ನೋಡಿ ಹೇಳಿದೆ: "ಅಕ್ಕೋರ, ಇದರ ಮ್ಯಾಲ ಒಂದೇ ಆಕಾರದ ಕಲಿ ಸಾಲಾಗಿ ಅದಾವ್ರಿ. ಎಡಕ್ಕ ದೊಡ್ಡದು, ಕಪ್ಪು. ಬಲಕ್ಕ ಹೋದಂಗ ಸಣ್ಣವು, ತಿಳಿ. ಇದು ಬೆವರ್ರಿ. ಮಡಚಿದ್ದರ ಒಳಗಿನ ತನಕಾ ಇಳದೈತಿ. ಎಡಗಡೆಯ ಮಡಿಕಿ ತೋಳಿಗೆ ಹತ್ತಿದ್ದು."

"ಮತ್ತ ಅಂದಾಜು?"

"ಅಂದಾಜಲ್ರಿ" ಎಂದು ನಾನು ತೋಳು ಮೇಲೇರಿಸಿದೆ. ಊರಿನ ಅಜ್ಜನೊಬ್ಬನಿಂದ ಅತ್ತೆ ತರಿಸಿ ಕಟ್ಟಿದ್ದ ಬಟ್ಟೆಯ ತಾಯತ ಅಲ್ಲಿತ್ತು, ಮೈಗೆ ತಾಗುವ ಮಗ್ಗುಲು ಕಪ್ಪಾಗಿ. ಮಗು ಆಗಲೆಂದು ಕಟ್ಟಿದ್ದು. ಸ್ನಾನ ಮಾಡಿ ಬಂದಾಗೊಮ್ಮೆ ಇದೆಯೋ ಇಲ್ಲವೋ ಎಂದು ಅತ್ತೆ ಮುಟ್ಟಿ ನೋಡುತ್ತಿದ್ದರು. ಅಕ್ಕೋರು ಅದನ್ನು ಬೆರಳಿನಿಂದ ಸವರಿದರು. ನಾನೇ ಎಲ್ಲ ಹೇಳಿದೆ. ಲಾಕರು, ಕಾರು, ಗ್ಯಾರೇಜಿನ ಬಾಗಿಲು, ಎಲ್ಲ. ಯಾರಿಗಾದರೂ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಕೆಲವು ದಿನಗಳ ಮೇಲೆ ಅತ್ತೆ ತೆಂಗಿನಕಾಯಿ, ಜಂಪರ ಪೀಸು, ಉತ್ತತ್ತಿ ಹಿಡಿದುಕೊಂಡು ಅಕ್ಕೋರ ಮನೆಗೆ ನಡೆದರು. ನಾನು ಚಹಾ ಮಾಡಿ ತರುತ್ತಿದ್ದೆ.

"ಅಕ್ಕೋರ, ಊರ ಅಜ್ಜಾರ ತಾಯತ ಏನೂ ನಡೀಲಿಲ್ರಿ. ನಿಮ್ಮ ಹಂತೇಕ ಸಾವಿರ ವರ್ಷದ ಮಂತ್ರ ಅದಾವಂತ. ಒಂದ ಬರದು ಕೊಡ್ರಿ."

"ನಾ ಓದಾಕಿ, ಬರಿಯಾಕಿ ಅಲ್ಲ."

"ಓದಾಕ ಬರೂರಿಗೆ ಬರಿಯಾಕ ಬರೂದಿಲ್ಲೇನ್ರಿ?" ಅತ್ತೆ ದನಿ ತಗ್ಗಿಸಿದರು. "ನನ್ನ ಮಗ ಬ್ಯಾಸಗಿಗೆ ಈಕಿದ ಟಿಕೀಟ ತಗಸ್ತೇನಿ ಅನ್ನಾಕತ್ತಾನ್ರಿ. ಊರಾಗ ಡಾಕ್ಟರಿಗೆ ತೋರಿಸ್ಲಿ ಅಂತಾನ. ಬರೇ ಹೋಗೂ ಟಿಕೀಟ್ರಿ. ಬರೂದಲ್ಲ."

ಆ ಮಾತು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಆ ಮನೆಯಲ್ಲಿ ಇರಲೂ ಆಗದು, ಹೀಗೆ ಗಂಟು ಕಟ್ಟಿ ಕಳಿಸಿದರೆ ಹೋಗಿ ನಿಲ್ಲಲು ನೆಲೆಯೂ ಇಲ್ಲ. ನನ್ನ ಕಾಲ ಮೇಲೆ ನಾನು ನಿಲ್ಲಬೇಕೆಂದರೆ ಕಾಲು ಹೊರಗಿಡಲು ಬಿಡುವವರಿಲ್ಲ. ಅಕ್ಕೋರು ಅತ್ತೆಯ ಕಿವಿಯ ಕಡೆ ಮುಖ ತಿರುಗಿಸಿದರು. ಆಮೇಲೆ, "ಮಂಗಳವಾರ ಬರ್ರಿ. ತಾಮ್ರದ ತಾಯತ ತರ್ರಿ, ಖಾಲಿದು" ಎಂದರು.

ಮಂಗಳವಾರ ಅವರು ತಲೆಗೆ ಎಣ್ಣೆ ಹಚ್ಚಿ ಬಾಚಿ, ಇಸ್ತ್ರಿ ಸೀರೆ ಉಟ್ಟು ಕೂತಿದ್ದರು. ಯಾರೋ ಪ್ರವಾಸಿಗರು ತಂದುಕೊಟ್ಟ ಹೊಸ ಪಪೈರಸ್ ಹಾಳೆಯಿಂದ ಒಂದು ಪಟ್ಟಿ ಕತ್ತರಿಸಿಕೊಂಡರು. ಕಣ್ಣು ಕಾಣದಿದ್ದರೂ ಕೈ ಮರೆತಿರಲಿಲ್ಲ. ಎಡಗೈ ಬೆರಳನ್ನು ಗುರುತಿಗೆ ಇಟ್ಟುಕೊಂಡು ದಪ್ಪ ಅಕ್ಷರಗಳಲ್ಲಿ ಬರೆದರು. ಒಣಗಿದ ಮೇಲೆ ಮಡಚಿ ಮಡಚಿ ತಾಮ್ರದ ಕೊಳವೆಯಲ್ಲಿ ತೂರಿಸಿದರು. ಆಮೇಲೆ ಮುಂದೆ ಏನೋ ಬರೆದಿಟ್ಟದ್ದನ್ನು ಓದುವವರ ಹಾಗೆ ವಿಧಿ ಹೇಳತೊಡಗಿದರು.

"ಇದನ್ನ ಕಟ್ಟಿಕೊಂಡಾಕಿ ಮೀನು, ಹಂದಿ ತಿನ್ನಬಾರದು."

"ಶಿವ ಶಿವಾ, ನಾವ್ಯಾಕ ತಿಂತೀವ್ರಿ" ಎಂದು ಅತ್ತೆ ಗಲ್ಲ ಬಡಿದುಕೊಂಡರು.

"ದಿನಾ ಹೊತ್ತು ಮೂಡಿದ ಮ್ಯಾಲೆ ಒಬ್ಬಾಕೀನೇ ಹೊಸ್ತಲಾ ದಾಟಬೇಕು."

"ಹ್ಞೂಂ ರಿ."

"ತಾ ದುಡಿದ ಉಪ್ಪ ತಿನ್ನಬೇಕು. ಗಂಡಂದು, ಅತ್ತೀದು, ತವರಿಂದು, ಯಾವದೂ ನಡಿಯೂದಿಲ್ಲ. ತಾಯತ ತೋಳಿನ ಮ್ಯಾಲಿರೂ ತನಕಾ."

ಮೀನು, ಹಂದಿಯ ಮಾತು ಹಳೆಯ ವಿಧಿಗಳಲ್ಲಿ ಇದ್ದದ್ದು ಹೌದು; ನಾವೇ ಓದಿದ್ದೆವು. ಮುಂದಿನ ಎರಡು ಎಲ್ಲಿಯೂ ಇರಲಿಲ್ಲ. ಕಂಸವಿಲ್ಲದೆ ಒಂದಕ್ಷರ ತುಂಬದ ಅಕ್ಕೋರು, ನನ್ನ ಕಣ್ಣೆದುರಿಗೇ ಇಡೀ ವಿಧಿ ಹುಟ್ಟಿಸಿ ಹೇಳಿದ್ದರು. ನನಗೆ ನಗುವೂ ಬಂತು, ಅಳುವೂ ಬಂತು. ಬಾಯಿ ಬಿಟ್ಟರೆ ಬಣ್ಣಗೇಡೆಂದು ಸುಮ್ಮನೆ ಗೋಡೆ ನೋಡುತ್ತ ನಿಂತೆ.

ಅತ್ತೆ ನನ್ನ ತೋಳಿನ ಹಳೆಯ ತಾಯತ ಬಿಚ್ಚಿ ಇದನ್ನು ಕಟ್ಟಿದರು. ಊಟದ ಹೊತ್ತಿಗೆ ಮಗನ ಮುಂದೆ ವಿಷಯ ತೆಗೆದರು. ಅವನಿಗೆ ನಗು. "ಉಪ್ಪಿನ ಸಲುವಾಗಿ ಜಾಬಿಗೆ ಹೋಗೂದಾ? ಅವ್ವಾ, ಇಟ್ಸ್ ನಾಟ್ ಲಾಜಿಕಲ್. ಉಪ್ಪ ನಾ ತರ್ತೀನಲ್ಲ."

"ನೀ ತಂದದ್ದು ನಡಿಯೂದಿಲ್ಲಂತ ಹೇಳ್ಯಾರ. ಸಾವಿರ ವರ್ಷದ ಮಂತ್ರದ ಮುಂದ ನಿನ್ನ ಇಂಗ್ಲಿಷ್ ಹಚ್ಚಬ್ಯಾಡ."

"ಬಟ್ ಅವ್ವಾ..."

"ನಿನ್ನ ಲಾಜಿಕ್ಕಿನಿಂದ ಇಷ್ಟ ದಿನಾ ಏನಾತು? ಲಾಕರಾ ತೆಗಿ. ಆಕಿ ಕಾಗದಾ ಆಕಿಗೆ ಕೊಡು."

ಅವನು ತಟ್ಟೆಯಲ್ಲೇ ಕೈ ತೊಳೆದು ಎದ್ದ. ಆದರೆ ಲಾಕರು ತೆಗೆದ. ನನಗೆ ಕೆಲಸ ಸಿಕ್ಕಿದ್ದು ನಡೆದು ಹೋಗುವ ದೂರದ ಶಾಲೆಯಲ್ಲಿ, ಮಧ್ಯಾಹ್ನ ಮಕ್ಕಳು ಡಬ್ಬಿ ಉಣ್ಣುವಾಗ ಅವರನ್ನು ನೋಡಿಕೊಳ್ಳುವುದು. ಡಬ್ಬಿಯ ಮುಚ್ಚಳ ತೆಗೆದುಕೊಡು, ಚೆಲ್ಲಿದ ಹಾಲು ಒರೆಸು, ಜಗಳ ಬಿಡಿಸು. ಮೊದಲ ಪಗಾರದಲ್ಲಿ ಒಂದು ಪಾಕೀಟು ಉಪ್ಪು ತಂದೆ. ಅತ್ತೆ ಅದನ್ನು ದೇವರ ಮುಂದಿಟ್ಟು, ಬೇರೆ ಡಬ್ಬಿಗೆ ಹಾಕಿ, ನನ್ನ ಪಾಲಿನ ಸಾರಿಗೆ ಅದನ್ನೇ ಹಾಕತೊಡಗಿದರು. ಬೇಸಿಗೆ ಬಂತು, ಹೋಯಿತು. ಟಿಕೀಟಿನ ಮಾತು ಬರಲಿಲ್ಲ.

ಅಕ್ಕೋರು ಮಾತ್ರ ಕೆಲವು ವಾರ ನನ್ನ ಮೇಲೆ ಮುನಿಸಿಕೊಂಡವರ ಹಾಗಿದ್ದರು. ಕಡೆಗೊಮ್ಮೆ, "ಸಿಟ್ಟು ನಿನ್ನ ಮ್ಯಾಲಲ್ಲ. ಆಯುಷ್ಯಪೂರ್ತಿ ಇದ್ದದ್ದನ್ನ ಇದ್ದಂಗ ಓದಿದಾಕಿ, ಈಗ ಸುಳ್ಳ ಮಂತ್ರಾ ಮಾಡಿದೆ. ಉಪ್ಪ ತಿಂದಾಕಿ ನೀರ ಕುಡೀಬೇಕು, ಕುಡೀತೀನಿ" ಎಂದರು. ತಾಯತದಲ್ಲಿ ಏನು ಬರೆದಿದ್ದೀರಿ ಎಂದು ಕೇಳಿದೆ. "ನಿಮ್ಮವ್ವನ ಹೆಸರು, ನಿನ್ನ ಹೆಸರು. ಕಡೀಕೆ ಈಗ ಈಗ, ಬೇಗ ಬೇಗ. ಯಾವ ಬ್ಯಾನಿಗೆ ಅಂತ ಬರದಿಲ್ಲ. ಅದು ನಿನಗ ಗೊತ್ತದ."

ಬೆವರಿನ ಕಲೆಯ ಆಧಾರದ ಮೇಲೆ ಅವರು ಆ ಚೂರಿನ ಬಗ್ಗೆ ಲೇಖನ ಬರೆಸಿದರು. ಅವರು ಹೇಳಿದ್ದನ್ನು ನಾನು ಟೈಪು ಮಾಡಿದೆ. ಕಲೆ ಕಂಡವಳೆಂದು ನನ್ನ ಹೆಸರು ಹಾಕುವುದೆಂದು ಹಟ ಹಿಡಿದರು. ಗಂಡ ಎಲ್ಲಾದರೂ ಅದನ್ನು ಇಂಟರ್ನೆಟ್ಟಿನಲ್ಲಿ ನೋಡಿ, ಬಾಜೂ ಮನೆಯಲ್ಲಿ ನಡೆಯುತ್ತಿದ್ದದ್ದು ಸೇವೆಯಲ್ಲ ಎಂದು ತಿಳಿದಾನು ಎಂಬ ಹೆದರಿಕೆ ನನಗೆ.

"ಹೆಸರ ಬ್ಯಾಡ್ರಿ."

"ಮತ್ತ ಏನ್ ಹಾಕ್ಲಿ? 'ಇಂಥವಳು' ಅಂತ ಹಾಕ್ಲೇನು?"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕು ಮುಗಿದ ಮೇಲೆ ಅವರು ಬಹಳ ಹೊತ್ತು ನನ್ನ ಕೈ ಬಿಡಲಿಲ್ಲ. ಲೇಖನ ನನ್ನ ಹೆಸರಿಲ್ಲದೆಯೇ ಹೋಯಿತು.

ಮರುವರ್ಷ ಅವರ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಶಾಲೆ ಮುಗಿಸಿಕೊಂಡು ಬಸ್ಸು ಹಿಡಿದು ಆಸ್ಪತ್ರೆಗೆ ಹೋಗುತ್ತಿದ್ದೆ. ಒಬ್ಬಳೇ ಬಸ್ಸು ಹತ್ತುವುದನ್ನು ಕಲಿತದ್ದೇ ಆಗ. ಕೊನೆಯ ವಾರಗಳಲ್ಲಿ ಅವರು ನನ್ನ ತೋಳು ತಡಕಿ ತಾಮ್ರದ ಕೊಳವೆ ಹಿಡಿದುಕೊಂಡರು.

"ತಂಗಿ, ನಾ ಹೋದ ಮ್ಯಾಲ ಇದನ್ನ ಸುಟ್ಟುಬಿಡು. ಪಪೈರಸ್ಸು ಲಗೂ ಸಾಯೂದಿಲ್ಲ. ಮುಂದ ಯಾವ ಕಾಲಕ್ಕೋ ನನ್ನಂಥಾಕಿ ಒಬ್ಬಾಕಿ ಕೂತು ಇದನ್ನ ಖರೇ ಅಂತ ಓದಬಾರದು."

ಸಾಯುತ್ತಿರುವವರ ಮುಂದೆ ನನ್ನ ಬಾಯಿಂದ ಬಂದದ್ದು ನನ್ನದೇ ಚಿಂತೆ. "ಸುಟ್ಟರ ನಾ ಹೆಂಗ ಹೊರಗ ಹೋಗ್ಲಿ ಅಕ್ಕೋರ?"

ಅವರು ಯೋಚಿಸಿದರು. ಸಮಾಧಾನಕ್ಕೆಂದು ಏನಾದರೂ ಹೇಳಬಹುದಿತ್ತು, ಹೇಳಲಿಲ್ಲ. "ಅದು ನನಗ ಕಾಣಸವಲ್ದು. ಕಾಣದ್ದನ್ನ ಹೆಂಗ ಹೇಳ್ಲಿ?" ಎಂದರು.

ಮೊದಲ ಹಿಮ ಬೀಳುವ ಮುನ್ನ ಅಕ್ಕೋರು ಹೋದರು. ಅವರ ಹಳೆಯ ವಿದ್ಯಾರ್ಥಿಗಳು ಒಂದಿಷ್ಟು ಜನ ಬಂದಿದ್ದರು. ಇಂಗ್ಲಿಷಿನಲ್ಲಿ ಒಳ್ಳೊಳ್ಳೆಯ ಮಾತಾಡಿದರು. ನನ್ನನ್ನು ಯಾರೆಂದು ಕೇಳಿದಾಗ ನೆರೆಯವಳು ಎಂದೆ. ಗೋಡೆಯ ಆಚೆ ಸದ್ದು ನಿಂತಿತು. ಇವತ್ತು ನಾನು ನಾಲ್ಕು ಜನರ ನಡುವೆ ನಿಂತು ಉಸಿರಾಡುತ್ತೇನೆಂದರೆ, ಅದು ಅವರು ತಮ್ಮ ವಿದ್ಯೆಗೆ ಕಳಂಕ ಹಚ್ಚಿಕೊಂಡು ಕೊಟ್ಟದ್ದು. ಆ ಋಣ ತೀರಿಸುವ ದಾರಿ ನನಗೆ ಗೊತ್ತಿಲ್ಲ. ಅವರು ಕೇಳಿದ್ದಂತೂ ಒಂದೇ. ಅದನ್ನೂ ಮಾಡಲು ಧೈರ್ಯ ಸಾಲದೆ ದಿನ ದೂಡಿದೆ.

ಒಂದು ಶನಿವಾರ ಬೆಳಿಗ್ಗೆ ಗಂಡ ಚಳಿಗಾಲದ ಟೈರು ಹಾಕಿಸಲು ಹೋಗಿದ್ದ. ನಾನು ತಾಯತ ಬಿಚ್ಚಿ, ಕೊಳವೆಯಿಂದ ಪಟ್ಟಿಯನ್ನು ಹೊರಗೆಳೆದು, ಸ್ಟೀಲಿನ ತಾಟಿನಲ್ಲಿಟ್ಟು ಕಡ್ಡಿ ಗೀರಿದೆ. ಹೊಗೆಗೆ ಚಾವಣಿಯ ಅಲಾರಂ ಚೀರತೊಡಗಿತು. ಅತ್ತೆ ಓಡಿ ಬಂದು ಟವೆಲು ಬೀಸಿ ಬೀಸಿ ಅದನ್ನು ಸುಮ್ಮನಾಗಿಸಿದರು. ಆಮೇಲೆ ತಾಟು ನೋಡಿದರು, ನನ್ನ ಬರಿದಾದ ತೋಳು ನೋಡಿದರು.

"ಅಕ್ಕೋರು ಸುಡು ಅಂದಿದ್ರು ಅತ್ತಿ. ಅದು ಖರೇ ಮಂತ್ರ ಅಲ್ರಿ."

"ಗೊತ್ತೈತಿ. ದುಡಿದ ಉಪ್ಪಿನ ಮಾತು ಯಾವ ಮಂತ್ರದಾಗ ಇರತೈತಿ? ನಾ ಅಷ್ಟ ದಡ್ಡಿ ಏನು?"

"ಮತ್ತ ಅವತ್ಯಾಕ ಸುಮ್ಮನಾದ್ರಿ?"

"ಈ ಮನ್ಯಾಗ ನನ್ನ ಮಾತ ಯಾವತ್ತರ ನಡದೈತೇನವಾ? ಅಕ್ಕೋರ ಮಾತರ ನಡೀತು." ಅತ್ತೆ ತಾಟನ್ನು ಸಿಂಕಿನಲ್ಲಿ ತೊಳೆದರು. "ಸೋಮವಾರ ಸಾಲಿಗೆ ಹೋಗಾಕಿ ಹೌದಲ್ಲೋ?"

"ಹೋಗಾಕೀರಿ."

"ತೋಳ ತಾ ಇಲ್ಲೆ."

ಖಾಲಿ ಕೊಳವೆಗೆ ಮುಚ್ಚಳ ಹಾಕಿ, ಕರಿದಾರಕ್ಕೆ ಪೋಣಿಸಿ, ಮೊದಲಿದ್ದ ಜಾಗದಲ್ಲೇ ಕಟ್ಟಿ, ಎರಡು ಗಂಟು ಹಾಕಿದರು. ಹೊರಗೆ ಗ್ಯಾರೇಜಿನ ಬಾಗಿಲು ಏರುವ ಸದ್ದಾಯಿತು.

"ಬಿಗಿ ಆತೇನು?"

"ಆಗೇತ್ರಿ ಅತ್ತಿ."

"ಇರ್ಲಿ. ಸಡ್ಲಿದ್ದರ ಅವಗ ಸಂಶೇ ಬರತೈತಿ."